ಮೆತ್ತಗೆ ಮಾತಾಡುವವರ ಬಗ್ಗೆ ಜನ ಏನಂದರು?

(ಸ್ವಸಹಾಯ ಸಂಘಗಳ ಸದಸ್ಯೆಯರ ವಲಯ ಮಟ್ಟದ ಸಭೆಯಲ್ಲಿ ಹಿರಿಯ ಸದಸ್ಯೆಯೊಬ್ಬರು ಆಡಿದ ಮಾತುಗಳ ಬರಹರೂಪ)



ಇವತ್ತು ನನಗೆ ಕೊಟ್ಟಿರುವ ವಿಷಯ 'ಮಕ್ಕಳ ಜೊತೆ ನಮ್ಮ ಮಾತು'. ಉಳಿತಾಯ, ಸಾಲ, ಲೆಕ್ಕದ ಪುಸ್ತಕ ಅಂದಿದ್ದರೆ ನನಗೆ ಸುಲಭವಾಗಿತ್ತು. ಮಕ್ಕಳ ವಿಷಯ ಮಾತಾಡೋಕೆ ನನಗೇನು ಅರ್ಹತೆ ಇದೆ ಅಂತ ಎರಡು ದಿನ ಯೋಚನೆ ಮಾಡಿದೆ. ಕೊನೆಗೆ ಉಪದೇಶ ಬೇಡ, ಒಬ್ಬ ಮನುಷ್ಯರ ಕಥೆ ಹೇಳೋಣ ಅಂತ ತೀರ್ಮಾನಿಸಿದೆ.

ಅವರು ನಮ್ಮ ಊರಿನವರಲ್ಲ. ಅಮೆರಿಕದವರು. ಹೆಸರು ಫ್ರೆಡ್ ರೋಜರ್ಸ್. ಟಿವಿಯಲ್ಲಿ ಚಿಕ್ಕ ಮಕ್ಕಳ ಕಾರ್ಯಕ್ರಮ ನಡೆಸುತ್ತಿದ್ದರು. ನನಗೆ ಅವರ ಪರಿಚಯವಾದದ್ದು ನನ್ನ ಮಗಳಿಂದ. ಅವಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ರಜಕ್ಕೆ ಬಂದಾಗ ಒಂದು ರಾತ್ರಿ ಫೋನ್ ತಂದು, "ಅಮ್ಮಾ, ಇದನ್ನೊಂದು ನೋಡು" ಅಂದಳು. ನೋಡಿದರೆ ಸ್ವೆಟರ್ ಹಾಕಿಕೊಂಡ ಒಬ್ಬರು ಗಾಜಿನ ತೊಟ್ಟಿಯ ಮುಂದೆ ನಿಂತಿದ್ದಾರೆ. ತೊಟ್ಟಿಯ ತಳದಲ್ಲಿ ಒಂದು ಪುಟ್ಟ ಮೀನು ಸತ್ತು ಬಿದ್ದಿದೆ. ಅವರು ಅದನ್ನು ಬಲೆಯಲ್ಲಿ ಎತ್ತಿ, ಉಪ್ಪುನೀರಿಗೆ ಹಾಕಿ ಏನಾದರೂ ಉಸಿರಾಡೀತಾ ಅಂತ ನೋಡುತ್ತಾರೆ. ಇಲ್ಲ. ಆಮೇಲೆ ಹಿತ್ತಲಿಗೆ ಒಯ್ದು, ಗುಂಡಿ ತೋಡಿ, ಮಣ್ಣು ಮಾಡುತ್ತಾರೆ. ಮಣ್ಣು ಮಾಡಿದ ಮೇಲೆ, ಚಿಕ್ಕಂದಿನಲ್ಲಿ ತಾನು ಸಾಕಿದ್ದ ನಾಯಿ ಸತ್ತಾಗ ಎಷ್ಟು ಅತ್ತಿದ್ದೆ ಅಂತ ಮಕ್ಕಳಿಗೆ ಹೇಳುತ್ತಾರೆ. 1970ರ ಕಾರ್ಯಕ್ರಮ ಅದು. ನನಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ, ಮಗಳು ಬಿಡಿಸಿ ಹೇಳಿದಳು.

ನಾನು ಅಂದೆ, "ಇದೇನೇ ಇದು, ಮಕ್ಕಳಿಗೆ ಸತ್ತ ಮೀನು ತೋರಿಸ್ತಾರಾ?" ಮಗಳು ಏನೂ ಮಾತಾಡಲಿಲ್ಲ. ಅವಳು ಯಾಕೆ ಸುಮ್ಮನಾದಳು ಅಂತ ಆಮೇಲೆ ಹೇಳ್ತೀನಿ.

ಯಾರು ಈ ರೋಜರ್ಸ್?

ಫ್ರೆಡ್ ರೋಜರ್ಸ್ ಹುಟ್ಟಿದ್ದು 1928ರಲ್ಲಿ, ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಟ್ರೋಬ್ ಎಂಬ ಊರಿನಲ್ಲಿ. ಮನೆ ಶ್ರೀಮಂತರ ಮನೆಯೇ. ಆದರೆ ಹುಡುಗ ದಪ್ಪ, ನಾಚಿಕೆ ಸ್ವಭಾವ, ಪದೇ ಪದೇ ಕಾಯಿಲೆ. ಶಾಲೆಯ ಹುಡುಗರು 'ಡುಮ್ಮ ಫ್ರೆಡ್ಡಿ' ಅಂತ ರೇಗಿಸುತ್ತಿದ್ದರು. ಒಂದು ಸಲ ಶಾಲೆಯಿಂದ ಬರುವಾಗ ಹುಡುಗರ ಗುಂಪು ಬೆನ್ನಟ್ಟಿತಂತೆ. ಇವರು ಓಡಿಹೋಗಿ ಪರಿಚಯದ ಒಬ್ಬ ವಿಧವೆಯ ಮನೆ ಬಾಗಿಲು ತಟ್ಟಿದರು. ಆಕೆ ಒಳಗೆ ಕರೆದುಕೊಂಡರು.

ದೊಡ್ಡವರು ಏನು ಹೇಳಿದರು ಗೊತ್ತಾ? "ಏನೂ ಆಗಿಲ್ಲ ಅನ್ನೋ ಹಾಗೆ ಇರು, ಆಗ ಅವರೇ ಸುಮ್ಮನಾಗ್ತಾರೆ." ನಾವೂ ಹಾಗೇ ಹೇಳ್ತೀವಿ. ಆದರೆ ಆ ಹುಡುಗನಿಗೆ ಆಗಿತ್ತಲ್ಲ! ನೋವಾಗಿತ್ತು. ಒಬ್ಬನೇ ಇದ್ದಾಗ ಅಳುತ್ತಿದ್ದ. ಸಿಟ್ಟು ಬಂದಾಗ ಪಿಯಾನೋ ಮನೆಯ ಮೇಲೆ ಬೆರಳಿಟ್ಟು ಜೋರಾಗಿ ಬಾರಿಸುತ್ತಿದ್ದ. ಬೊಂಬೆಗಳ ಕೈಲಿ ಮಾತಾಡಿಸುತ್ತಿದ್ದ. ದೊಡ್ಡವರಾದ ಮೇಲೆ ರೋಜರ್ಸ್ ಈ ಮಾತನ್ನು ಮತ್ತೆ ಮತ್ತೆ ನೆನೆಯುತ್ತಿದ್ದರು.

1951ರಲ್ಲಿ ಸಂಗೀತದಲ್ಲಿ ಪದವಿ ಪಡೆದರು. ಆ ಹೊತ್ತಿಗೆ ಮನೆಗೆ ಟಿವಿ ಬಂದಿತ್ತು. ನೋಡಿದರೆ ಒಬ್ಬರ ಮುಖಕ್ಕೆ ಒಬ್ಬರು ಕಡುಬಿನಂಥ ತಿಂಡಿ ಎಸೆದು ನಗುವ ಆಟ. ಇಷ್ಟು ಒಳ್ಳೆಯ ಯಂತ್ರವನ್ನು ಇದಕ್ಕಾ ಬಳಸೋದು ಅಂತ ಬೇಸರವಾಗಿ, ಅದೇ ಬೇಸರದಿಂದ ಟಿವಿ ಕೆಲಸಕ್ಕೆ ಸೇರಿದರು. 1953ರಲ್ಲಿ ಪಿಟ್ಸ್‌ಬರ್ಗ್ ನಗರಕ್ಕೆ ಬಂದು, ಜನರ ದೇಣಿಗೆಯಿಂದ ನಡೆಯುವ ಒಂದು ಟಿವಿ ಕೇಂದ್ರಕ್ಕೆ ಕೈ ಹಾಕಿದರು. ಮಧ್ಯೆ ದೇವಶಾಸ್ತ್ರ ಓದಿ 1963ರಲ್ಲಿ ಪ್ರೆಸ್ಬಿಟೇರಿಯನ್ ಸಭೆಯ ಪಾದ್ರಿಯಾಗಿ ದೀಕ್ಷೆ ಪಡೆದರು. ಆದರೆ ಟಿವಿಯಲ್ಲಿ ಧರ್ಮೋಪದೇಶ ಮಾಡಲಿಲ್ಲ. ಮಗುವಿನ ಜೊತೆ ಸರಿಯಾಗಿ ಮಾತಾಡೋದೇ ತನಗೆ ವಹಿಸಿದ ಸೇವೆ ಅಂದುಕೊಂಡರು.

1968ರ ಫೆಬ್ರವರಿಯಿಂದ ಅವರ ಕಾರ್ಯಕ್ರಮ ಇಡೀ ಅಮೆರಿಕದಲ್ಲಿ ಬಂತು. ಹೆಸರು 'ಮಿಸ್ಟರ್ ರೋಜರ್ಸ್ ನೇಬರ್‌ಹುಡ್', ಅಂದರೆ ರೋಜರ್ಸ್ ಅವರ ನೆರೆಹೊರೆ. 2001ರವರೆಗೆ, ಸುಮಾರು 900 ಕಂತು. ಶುರುವಾಗುವುದು ಯಾವಾಗಲೂ ಒಂದೇ ರೀತಿ. ಬಾಗಿಲು ತೆಗೆದು ಒಳಗೆ ಬರುತ್ತಾರೆ. ಕೋಟು ಬಿಚ್ಚಿ, ಝಿಪ್ ಇರುವ ಸ್ವೆಟರ್ ಹಾಕಿಕೊಳ್ಳುತ್ತಾರೆ. ಆ ಸ್ವೆಟರ್‌ಗಳನ್ನು ಹೆಣೆದು ಕೊಡುತ್ತಿದ್ದವರು ಅವರ ತಾಯಿ. ಬೂಟು ಬಿಚ್ಚಿ ಬಟ್ಟೆಯ ಶೂ ಹಾಕಿಕೊಳ್ಳುತ್ತಾರೆ. ಮೀನಿಗೆ ತಿಂಡಿ ಹಾಕುತ್ತಾರೆ. ಆಮೇಲೆ ಮಗುವನ್ನೇ ನೋಡುತ್ತಿರುವ ಹಾಗೆ ಕ್ಯಾಮೆರಾ ನೋಡಿ, ನಿಧಾನವಾಗಿ ಮಾತಾಡುತ್ತಾರೆ.

ಎಷ್ಟು ನಿಧಾನ ಅಂತೀರಿ? ಒಂದು ಕಂತಿನಲ್ಲಿ, ಒಂದು ನಿಮಿಷ ಅಂದರೆ ಎಷ್ಟು ಹೊತ್ತು ಅಂತ ಮಕ್ಕಳಿಗೆ ತೋರಿಸಬೇಕಿತ್ತು. ಗಡಿಯಾರ ತಿರುಗಿಸಿಟ್ಟು ಒಂದು ನಿಮಿಷ ಸುಮ್ಮನೆ ಕೂತುಬಿಟ್ಟರು. ಟಿವಿಯಲ್ಲಿ! ಒಂದು ಗಳಿಗೆ ಮೌನವಾದರೆ ನಾವು ರಿಮೋಟ್ ಹುಡುಕ್ತೀವಿ.

ಜನ ಮೊದಲು ನಕ್ಕರು

ಇನ್ನು ಜನರ ವಿಷಯಕ್ಕೆ ಬರೋಣ. ಇಂಥ ಮನುಷ್ಯರನ್ನು ಕಂಡು ಜನ ಏನಂದರು?

ಮೊದಲು ನಕ್ಕರು. ಇದೆಂಥ ಗಂಡಸು, ದನಿ ಏರಿಸಲ್ಲ, ಗದರಿಸಲ್ಲ, ಬೊಂಬೆ ಹಿಡ್ಕೊಂಡು ಕೂತಿದಾನೆ ಅಂತ. ಹಾಸ್ಯ ಕಾರ್ಯಕ್ರಮದವರೆಲ್ಲ ಅವರ ನಡೆ ನುಡಿ ಅಣಕಿಸಿದರು. 1980ರ ದಶಕದ ಆರಂಭದಲ್ಲಿ ಎಡ್ಡಿ ಮರ್ಫಿ ಎಂಬ ದೊಡ್ಡ ಹಾಸ್ಯನಟರು ಮಾಡಿದ ಅಣಕ ಬಹಳ ಹೆಸರಾಯಿತು. ಅದು ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ ಅಂತ ರೋಜರ್ಸ್ ತಾವೂ ನಕ್ಕರು. ಆದರೆ ಅವರ ಹಾಗೇ ವೇಷ ಹಾಕಿದ ನಟನನ್ನು ಇಟ್ಟುಕೊಂಡು ಒಂದು ದೊಡ್ಡ ಹೋಟೆಲ್ ಕಂಪನಿ 1984ರಲ್ಲಿ ಜಾಹೀರಾತು ಮಾಡಿದಾಗ ನಗಲಿಲ್ಲ. ನನ್ನ ಮುಖ ನಂಬುವ ಮಕ್ಕಳಿಗೆ ಇದರಿಂದ ಗೊಂದಲ ಆಗ್ತದೆ, ನಿಲ್ಲಿಸಿ ಅಂದರು. ಕಂಪನಿ ನಿಲ್ಲಿಸಿತು. ನೋಡಿ, ತನ್ನನ್ನು ಅಣಕಿಸಿದರೆ ಪರವಾಗಿಲ್ಲ, ಮಕ್ಕಳನ್ನು ಬಳಸಿಕೊಂಡರೆ ಬಿಡಲ್ಲ.

ನಗೋಕೆ ಸಿದ್ಧವಾಗಿದ್ದು ನಗದೇ ಹೋದವರೂ ಇದ್ದಾರೆ. 1969ರ ಮೇ 1ರಂದು ವಾಷಿಂಗ್ಟನ್‌ನಲ್ಲಿ ಸೆನೆಟ್ ಸಮಿತಿಯ ವಿಚಾರಣೆ ಇತ್ತು. ಸಾರ್ವಜನಿಕ ಟಿವಿಗೆ ಸರ್ಕಾರ ಕೊಡಬೇಕಾದ 2 ಕೋಟಿ ಡಾಲರ್ ಅನುದಾನದ ಪ್ರಶ್ನೆ. ಸಮಿತಿಯ ಅಧ್ಯಕ್ಷರು ಸೆನೆಟರ್ ಜಾನ್ ಪಾಸ್ಟೋರ್. ಖಡಕ್ ಮನುಷ್ಯ, ಉದ್ದುದ್ದ ಭಾಷಣ ಕೇಳಿ ಆಗಲೇ ಬೇಸತ್ತಿದ್ದರು. ರೋಜರ್ಸ್ ತಾವು ಬರೆದು ತಂದಿದ್ದನ್ನು ಓದಲಿಲ್ಲ. ಆರು ನಿಮಿಷದಷ್ಟು, ಮಕ್ಕಳ ಜೊತೆ ಮಾತಾಡುವ ಅದೇ ದನಿಯಲ್ಲಿ ಮಾತಾಡಿದರು. ಸಿಟ್ಟು ಬಂದಾಗ ಆ ಸಿಟ್ಟನ್ನು ಏನು ಮಾಡಬೇಕು ಅಂತ ಮಗುವಿಗೆ ಕಲಿಸಬಹುದು, ಕೈ ಎತ್ತುವ ಮೊದಲೇ ನಿಲ್ಲಿಸಿಕೊಳ್ಳೋದು ಕಲಿಸಬಹುದು ಅಂದರು. ತಾನು ಗಟ್ಟಿ ಮನುಷ್ಯ ಅನ್ನಿಸಿಕೊಂಡಿದ್ದರೂ ಇವರ ಮಾತು ಕೇಳಿ ಮೈ ಜುಮ್ಮೆಂದಿತು ಅಂತ ಸೆನೆಟರ್ ಒಪ್ಪಿಕೊಂಡರು. ನಿಮ್ಮ 2 ಕೋಟಿ ನಿಮಗೆ ಸಿಕ್ಕಿದ ಹಾಗೇ ಅಂದರು.

ಇದನ್ನು ಯಾಕೆ ಹೇಳಿದೆ ಅಂದರೆ, ನಾವು ಬ್ಯಾಂಕಿಗೆ, ಕಚೇರಿಗೆ ಹೋದಾಗ ಜೋರು ಮಾಡಿದರೇ ಕೆಲಸ ಆಗೋದು ಅಂದುಕೊಳ್ತೀವಿ. 'ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು' ಅಂತ ಗಾದೆಯೇ ಇದೆಯಲ್ಲ. ಆದರೆ ಮೆತ್ತಗೆ ಮಾತಾಡೋದು ಬೇರೆ, ಬಗ್ಗೋದು ಬೇರೆ. ಆ ಮನುಷ್ಯ ಬಗ್ಗಲಿಲ್ಲ. ಕೇಳಬೇಕಾದ್ದನ್ನು ಪೂರ್ತಿ ಕೇಳಿದರು.

ಮೆತ್ತಗಿನ ದನಿ, ಗಟ್ಟಿ ವಿಷಯ

ಅವರು ಮಕ್ಕಳಿಗೆ ಬರೀ ಚಂದಮಾಮ, ಗುಬ್ಬಚ್ಚಿ ಅಂತ ಹೇಳ್ತಾ ಕೂತವರು ಅಂತ ತಿಳಿಯಬೇಡಿ. 1968ರ ಜೂನ್‌ನಲ್ಲಿ ರಾಬರ್ಟ್ ಕೆನಡಿ ಅವರನ್ನು ಗುಂಡಿಟ್ಟು ಕೊಂದರು. ಮನೆಮನೆಯ ಟಿವಿಯಲ್ಲೂ ಅದೇ ಸುದ್ದಿ. ದೊಡ್ಡವರು ಅಳುತ್ತಾ ನೋಡುತ್ತಿದ್ದರು, ಪಕ್ಕದಲ್ಲಿ ಕೂತ ಮಗುವಿಗೆ ಯಾರೂ ಏನೂ ಹೇಳಲಿಲ್ಲ. ಕೆಲವೇ ದಿನದಲ್ಲಿ ರೋಜರ್ಸ್ ಒಂದು ವಿಶೇಷ ಕಾರ್ಯಕ್ರಮ ಮಾಡಿದರು. ಅದರಲ್ಲಿ ಡ್ಯಾನಿಯಲ್ ಎಂಬ ನಾಚಿಕೆಯ ಹುಲಿ ಬೊಂಬೆ, ಈ 'ಅಸ್ಯಾಸಿನೇಶನ್' ಅಂದರೇನು ಅಂತ ಕೇಳುತ್ತದೆ. ಮಗು ಮನಸ್ಸಿನಲ್ಲೇ ಇಟ್ಟುಕೊಂಡ ಪ್ರಶ್ನೆಯನ್ನು ಬೊಂಬೆ ಬಾಯಿಬಿಟ್ಟು ಕೇಳಿತು. ಉತ್ತರವೂ ಸಿಕ್ಕಿತು.

1981ರಲ್ಲಿ ಒಂದು ವಾರ ಪೂರ್ತಿ ವಿಚ್ಛೇದನದ ಬಗ್ಗೆ ಮಾತಾಡಿದರು. ಅಪ್ಪ ಅಮ್ಮ ಬೇರೆಯಾದರೆ ಅದು ಮಗುವಿನ ತಪ್ಪಲ್ಲ ಅಂತ.

ಇನ್ನೊಂದು ಪ್ರಸಂಗ ಕೇಳಿ. ಆಗಿನ ಅಮೆರಿಕದಲ್ಲಿ ಬಿಳಿಯರು ಈಜುವ ಕೊಳಕ್ಕೆ ಕಪ್ಪು ಜನ ಇಳಿದರೆ ದೊಡ್ಡ ಗಲಾಟೆ. 1964ರಲ್ಲಿ ಫ್ಲೋರಿಡಾದ ಸೇಂಟ್ ಆಗಸ್ಟೀನ್ ಊರಿನಲ್ಲಿ, ಹೋಟೆಲಿನ ಕೊಳಕ್ಕೆ ಕಪ್ಪು ಜನ ಇಳಿದರೆಂದು ಅದರ ಮ್ಯಾನೇಜರ್ ನೀರಿಗೆ ಆಸಿಡ್ ಸುರಿದಿದ್ದ. ಕೆರೆ ನೀರು, ಬಾವಿ ನೀರು ಮುಟ್ಟೋ ವಿಷಯ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? 1969ರ ಒಂದು ಕಂತಿನಲ್ಲಿ ರೋಜರ್ಸ್ ಒಂದು ಪ್ಲಾಸ್ಟಿಕ್ ತೊಟ್ಟಿಗೆ ನೀರು ತುಂಬಿಸಿ, ಸೆಕೆಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಪೊಲೀಸ್ ಪಾತ್ರ ಮಾಡುತ್ತಿದ್ದ ಫ್ರಾನ್ಸ್ವಾ ಕ್ಲೆಮನ್ಸ್ ಅಲ್ಲಿಗೆ ಬಂದರು. ಅವರು ಕಪ್ಪು ಜನಾಂಗದವರು. ಬನ್ನಿ, ನೀವೂ ಕಾಲು ತಣ್ಣಗೆ ಮಾಡ್ಕೊಳ್ಳಿ ಅಂದರು ರೋಜರ್ಸ್. ಇಬ್ಬರ ಕಾಲೂ ಒಂದೇ ನೀರಿನಲ್ಲಿ. ಒರೆಸಿಕೊಳ್ಳಲು ಇಬ್ಬರಿಗೂ ಒಂದೇ ಟವೆಲ್. ಭಾಷಣ ಇಲ್ಲ, ಘೋಷಣೆ ಇಲ್ಲ. ನೋಡಿದ ಮಗುವಿಗೆ ಅರ್ಥವಾಗಿರುತ್ತದೆ, ನೋಡಿದ ಅಪ್ಪಂದಿರಿಗಂತೂ ಖಂಡಿತ ಅರ್ಥವಾಗಿರುತ್ತದೆ.

ಈಗ ನನ್ನ ಮಗಳು ಯಾಕೆ ಸುಮ್ಮನಾದಳು ಅಂತ ಹೇಳ್ತೀನಿ.

ನನ್ನ ಯಜಮಾನರು ತೀರಿಕೊಂಡಾಗ ಅವಳಿಗೆ 5 ವರ್ಷ. ಆಸ್ಪತ್ರೆಯಿಂದ ತಂದಾಗ ಅವಳನ್ನು ಪಕ್ಕದ ಮನೆಗೆ ಕಳಿಸಿದೆವು. ಮಣ್ಣಿಗೂ ಕರೆದುಕೊಂಡು ಹೋಗಲಿಲ್ಲ. ಅಪ್ಪ ಎಲ್ಲಿ ಅಂತ ಕೇಳಿದಾಗ, "ದೂರದ ಊರಿಗೆ ಕೆಲಸಕ್ಕೆ ಹೋಗಿದಾರೆ, ಬರ್ತಾರೆ" ಅಂದೆ. ಎಲ್ಲರೂ ಹಾಗೇ ಹೇಳು ಅಂದರು, ನಾನೂ ಹೇಳಿದೆ. ಮಗು ಅತ್ತುಬಿಟ್ಟರೆ ತಡೆಯೋ ಶಕ್ತಿ ನನಗಿರಲಿಲ್ಲ. ನಮ್ಮ ಮನೆ ಬಸ್ ನಿಲ್ದಾಣದ ಹತ್ತಿರ. ಸಂಜೆ 6ರ ಬಸ್ಸು ಬಂತು ಅಂದರೆ ಅವಳು ಓಡಿಹೋಗಿ ಇಳಿಯುವವರ ಮುಖವನ್ನೆಲ್ಲ ನೋಡುತ್ತಿದ್ದಳು. ಹೀಗೆ ಎಷ್ಟು ದಿನ? ಹೆಚ್ಚುಕಡಿಮೆ ಒಂದು ವರ್ಷ. ಕೊನೆಗೆ ಶಾಲೆಯಲ್ಲಿ ಜಗಳ ಆಡುವಾಗ ಇನ್ನೊಂದು ಮಗು ಹೇಳಿತು, "ನಿಮ್ಮಪ್ಪ ಸತ್ತೋಗಿದಾರೆ, ನಿಂಗೆ ಗೊತ್ತಿಲ್ವಾ?" ಅವತ್ತು ಸಂಜೆ ಅವಳು ಬಸ್ಸಿಗೆ ಹೋಗಲಿಲ್ಲ. ನನ್ನನ್ನು ಏನೂ ಕೇಳಲೂ ಇಲ್ಲ. ಅವತ್ತಿನಿಂದ ಶಾಲೆಯ ವಿಷಯ, ಕಷ್ಟ ಸುಖ, ಯಾವುದನ್ನೂ ನನ್ನ ಹತ್ತಿರ ಹೇಳುವುದನ್ನೇ ಬಿಟ್ಟಳು. ನಾನು 'ಜಾಣೆ, ಗಲಾಟೆ ಮಾಡಲ್ಲ' ಅಂತ ಎಲ್ಲರ ಹತ್ತಿರ ಹೊಗಳಿಕೊಂಡು ತಿರುಗಿದೆ.

ಸತ್ತ ಮೀನಿನ ವಿಡಿಯೋ ತೋರಿಸಿದ ರಾತ್ರಿ ಅವಳು ಬಹಳ ಹೊತ್ತಿನ ಮೇಲೆ ಅಂದಳು, "ಅಮ್ಮಾ, ನನಗೂ ಯಾರಾದರೂ ಹೀಗೆ ಹೇಳಬೇಕಿತ್ತು." ಅಷ್ಟೇ. ನಾನು ಏನು ಹೇಳಲಿ? ಅವಳ ಕೈ ಹಿಡಿದುಕೊಂಡು, ತಪ್ಪಾಯ್ತು ಮಗಾ ಅಂದೆ. ಇಪ್ಪತ್ತೈದು ವರ್ಷ ತಡವಾಗಿತ್ತು.

ಏನೋ ಇರಲೇಬೇಕು ಅಂದರು

ಮತ್ತೆ ಜನರ ಮಾತಿಗೆ ಬರೋಣ. ನಕ್ಕು ಸಾಕಾದ ಮೇಲೆ ಜನ ಅನುಮಾನ ಪಟ್ಟರು. ಇಷ್ಟು ಒಳ್ಳೆಯವನು ಯಾರಾದರೂ ಇರ್ತಾನಾ, ಒಳಗೆ ಏನೋ ಇರಲೇಬೇಕು! ರೋಜರ್ಸ್ ಮೊದಲು ಸೈನ್ಯದಲ್ಲಿ ಗುರಿಕಾರನಾಗಿದ್ದ, ವಿಯೆಟ್ನಾಂ ಯುದ್ಧದಲ್ಲಿ ಎಷ್ಟೋ ಜನರನ್ನು ಕೊಂದಿದ್ದಾನೆ, ತೋಳಿನ ಹಚ್ಚೆ ಮುಚ್ಚೋಕೇ ಉದ್ದ ತೋಳಿನ ಸ್ವೆಟರ್ ಹಾಕ್ತಾನೆ ಅಂತ ಸುದ್ದಿ ಹಬ್ಬಿಸಿದರು. ಇಡೀ ದೇಶ ಸುತ್ತಿತು ಆ ಸುದ್ದಿ. ಶುದ್ಧ ಸುಳ್ಳು. ಅವರು ಸೈನ್ಯಕ್ಕೆ ಸೇರಿದವರೇ ಅಲ್ಲ. ಸ್ವೆಟರ್ ಹಾಕುತ್ತಿದ್ದುದು ತಾಯಿ ಹೆಣೆದು ಕೊಟ್ಟಿದ್ದರಿಂದ.

ಈ ಸುಳ್ಳಿನ ಬಗ್ಗೆ ಯೋಚನೆ ಮಾಡಿದರೆ ನನಗೆ ಒಂದು ವಿಷಯ ಹೊಳೆಯುತ್ತದೆ. ಒಬ್ಬ ಗಂಡಸು ಮಗುವಿನ ಹತ್ತಿರ ಮೆತ್ತಗೆ ಮಾತಾಡ್ತಾನೆ ಅಂದರೆ ಜನಕ್ಕೆ ನಂಬೋಕಾಗಲ್ಲ. ಅವನು ಒಳಗೆ ಹುಲಿ ಅಂದರೆ ಸಮಾಧಾನ. ನಮ್ಮಲ್ಲಿ ಮಾತ್ರ ಬೇರೆಯಾ? ಪಾತ್ರೆ ತೊಳೆಯುವ, ಮಗುವಿಗೆ ತಲೆ ಬಾಚುವ ಗಂಡಸನ್ನು ಕಂಡು 'ಹೆಂಡತಿ ಸೆರಗು ಹಿಡಿದವನು' ಅಂತ ನಗೋದರಲ್ಲಿ ನಾವು ಹೆಂಗಸರೇ ಮುಂದು. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಅವರು 2003ರ ಫೆಬ್ರವರಿಯಲ್ಲಿ ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡರು. ಆದರೂ ಜನರ ಬಾಯಿ ನಿಲ್ಲಲಿಲ್ಲ. 2007ರಲ್ಲಿ ಅಮೆರಿಕದ ದೊಡ್ಡ ಪತ್ರಿಕೆ 'ವಾಲ್ ಸ್ಟ್ರೀಟ್ ಜರ್ನಲ್' ಒಂದು ಅಂಕಣ ಪ್ರಕಟಿಸಿತು. ಈಗಿನ ಹುಡುಗರು ಓದದೇ ಅಂಕ ಕೇಳ್ತಾರೆ, ದುಡಿಯದೇ ಬಡ್ತಿ ಕೇಳ್ತಾರೆ, ಇದಕ್ಕೆಲ್ಲ ರೋಜರ್ಸ್ ಕಾರಣ, ನೀನು ವಿಶೇಷ ನೀನು ವಿಶೇಷ ಅಂತ ಹೇಳಿ ತಲೆ ಮೇಲೆ ಕೂರಿಸಿದರು ಅಂತ. ಟಿವಿಯಲ್ಲೂ ಇದರ ಚರ್ಚೆಯಾಗಿ, ಇವರನ್ನು ದುಷ್ಟ ಅಂತಲೂ ಕರೆದರು.

ಈ ದೂರನ್ನು ತಳ್ಳಿಹಾಕಬಾರದು. ನಮ್ಮ ಮನೆಯಲ್ಲೂ ಇದೇ ಭಯ. ಪ್ರೀತಿ ತೋರಿಸಿದರೆ ಮಗು ಕೆಡುತ್ತದೆ, ಏಟು ಕೊಟ್ಟರೇ ಬುದ್ಧಿ ಅಂತ. ಆದರೆ ಅವರು ಹೇಳಿದ್ದೇನು? ನೀನೇ ಎಲ್ಲರಿಗಿಂತ ಮೇಲು ಅಂತ ಅವರು ಯಾವತ್ತೂ ಹೇಳಲಿಲ್ಲ. 2002ರಲ್ಲಿ ಡಾರ್ಟ್‌ಮತ್ ಕಾಲೇಜಿನ ಪದವಿ ಸಮಾರಂಭದಲ್ಲಿ ತಮ್ಮ ಮಾತಿನ ಅರ್ಥ ತಾವೇ ಬಿಡಿಸಿದರು: ಬೇರೆಯವರ ಪ್ರೀತಿ ಪಡೆಯೋಕೆ ನೀವು ಭಾರೀ ಏನನ್ನೋ ಸಾಧಿಸಿ ತೋರಿಸಬೇಕಾಗಿಲ್ಲ ಅಂತ. 'ನೀನೇ ಮೇಲು' ಅಂದರೆ ಪಕ್ಕದ ಮಗು ಕೆಳಗೆ ಹೋಗುತ್ತದೆ. 'ನೀನು ಇರೋ ಹಾಗೇ ನಮಗೆ ಬೇಕು' ಅಂದರೆ ಪಕ್ಕದ ಮಗುವಿಗೂ ಜಾಗ ಇರುತ್ತದೆ. ಮೊದಲನೆಯದು ಮುದ್ದು. ಎರಡನೆಯದು ಪ್ರೀತಿ. 90 ಅಂಕ ಬಂದ ದಿನ ಮಾತ್ರ ಮಗುವಿನ ತಲೆ ಸವರುವ ನಾವು ಈ ವ್ಯತ್ಯಾಸ ಯೋಚನೆ ಮಾಡಬೇಕು.

ಕೊನೆಗೆ ಸಂತ ಅಂದರು

ಆಮೇಲೆ ಗಾಳಿ ಇನ್ನೊಂದು ಕಡೆ ಬೀಸಿತು. 2018ರಲ್ಲಿ ಅವರ ಬಗ್ಗೆ ಒಂದು ಸಾಕ್ಷ್ಯಚಿತ್ರ ಬಂತು. 2019ರಲ್ಲಿ ಟಾಮ್ ಹ್ಯಾಂಕ್ಸ್ ಅವರ ಪಾತ್ರ ಮಾಡಿದ ಸಿನಿಮಾ ಬಂತು. ಅದಕ್ಕೆ ಆಧಾರ, 1998ರಲ್ಲಿ ಟಾಮ್ ಜುನೋಡ್ ಎಂಬ ಪತ್ರಕರ್ತರು ಬರೆದ ಲೇಖನ. ಕಟುವಾಗಿ ಬರೆಯುವವರು ಅಂತ ಹೆಸರಾಗಿದ್ದವರು, ರೋಜರ್ಸ್ ಜೊತೆ ಮಾತಾಡಿ ಸ್ನೇಹಿತರಾಗಿಬಿಟ್ಟರು. ಒಂದು ಕಾಲಕ್ಕೆ ನಕ್ಕ ಜನ ಈಗ ಕಣ್ಣೀರು ಒರೆಸಿಕೊಂಡು, ಅವರು ಸಂತ, ದೇವರಂಥವರು, ಇನ್ನೊಬ್ಬರು ಹುಟ್ಟಲ್ಲ ಅಂದರು.

ಕೇಳೋಕೆ ಚೆಂದ. ಆದರೆ ಅವರ ಹೆಂಡತಿ ಜೋಆನ್ ಈ ಮಾತನ್ನು ಒಪ್ಪುತ್ತಿರಲಿಲ್ಲ. ಅವರನ್ನು ಸಂತ ಮಾಡಬೇಡಿ ಅನ್ನುತ್ತಿದ್ದರು. ಯಾಕೆ? ಸಂತ ಅಂದುಬಿಟ್ಟರೆ, ಅದು ನಮ್ಮ ಕೈಲಾಗದ ಕೆಲಸ ಅಂತ ನಾವು ಸುಮ್ಮನೆ ಕೂರಬಹುದಲ್ಲ! ಆತ ಹಾಗಿರೋಕೆ ದಿನಾ ಪ್ರಯತ್ನ ಪಡುತ್ತಿದ್ದರು ಅಂತ ಆಕೆಯ ಮಾತು. ಗಂಡನ ವಿಷಯ ಹೆಂಡತಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಹೇಳಿ?

ಪ್ರಯತ್ನ ಪಟ್ಟಿದ್ದಕ್ಕೆ ಗುರುತುಗಳಿವೆ. ದಿನಾ ಬೆಳಿಗ್ಗೆ ಬೇಗ ಎದ್ದು ಪ್ರಾರ್ಥನೆ, ಆಮೇಲೆ ಈಜು. ಮಾರ್ಗರೆಟ್ ಮೆಕ್‌ಫರ್ಲ್ಯಾಂಡ್ ಎಂಬ ಮಕ್ಕಳ ಮನಶ್ಶಾಸ್ತ್ರ ತಜ್ಞೆಯ ಹತ್ತಿರ ವರ್ಷಗಟ್ಟಲೆ ಕೂತು, ಕಾರ್ಯಕ್ರಮದ ಒಂದೊಂದು ಮಾತನ್ನೂ ಚರ್ಚಿಸಿ, ತಿದ್ದಿ ಬರೆಯುತ್ತಿದ್ದರು. 1979ರಲ್ಲಿ ತಮಗೆ ತಾವೇ ಟೈಪ್ ಮಾಡಿಕೊಂಡ ಒಂದು ಕಾಗದ ಸಿಕ್ಕಿದೆ. ಇನ್ನು ನನ್ನ ಕೈಲಿ ಬರೆಯೋಕಾಗುತ್ತಾ, ನನಗೆ ನಾನೇ ಮೋಸ ಮಾಡ್ಕೋತಿದೀನಾ ಅಂತ ಅದರಲ್ಲಿ ಒದ್ದಾಡಿದ್ದಾರೆ. ಅಷ್ಟು ಹೆಸರು ಮಾಡಿದ ಮೇಲೂ!

ಅವರು ಎಡವಿದ್ದೂ ಇದೆ. ತೊಟ್ಟಿಯಲ್ಲಿ ಜೊತೆಗೆ ಕಾಲಿಟ್ಟ ಕ್ಲೆಮನ್ಸ್ ಸಲಿಂಗಿ. ಇದು ಹೊರಗೆ ಗೊತ್ತಾದರೆ ಹಣ ಕೊಡುವವರು ಕೈಬಿಡ್ತಾರೆ, ಕಾರ್ಯಕ್ರಮ ನಿಲ್ಲುತ್ತೆ, ಗುಟ್ಟಾಗಿಡಿ ಅಂತ ರೋಜರ್ಸ್ ಅವರಿಗೆ ಹೇಳಿದ್ದರು. ಅದರಿಂದ ತಮಗೆ ಎಷ್ಟು ನೋವಾಯಿತು ಅಂತ ಕ್ಲೆಮನ್ಸ್ ಮುಂದೆ ಬಹಿರಂಗವಾಗಿಯೇ ಹೇಳಿದರು. ನೀನು ಇರೋ ಹಾಗೇ ಇರು ಅಂತ ಸಾವಿರ ಮಕ್ಕಳಿಗೆ ಹೇಳಿದವರು, ಪಕ್ಕದಲ್ಲೇ ಇದ್ದ ಗೆಳೆಯನಿಗೆ ಮುಚ್ಚಿಟ್ಟುಕೋ ಅಂದರು. ಆದರೂ ಇದೇ ಕ್ಲೆಮನ್ಸ್ ಇನ್ನೊಂದು ವಿಷಯವನ್ನೂ ಹೇಳುತ್ತಾರೆ. ಒಂದು ದಿನ ಕಾರ್ಯಕ್ರಮದ ಕೊನೆಗೆ ರೋಜರ್ಸ್ ಎಂದಿನ ಹಾಗೆ, ನೀವು ಇರುವ ಹಾಗೇ ಜನ ನಿಮ್ಮನ್ನು ಮೆಚ್ಚಬಲ್ಲರು ಅಂತ ಹೇಳುವಾಗ ಇವರನ್ನೇ ನೋಡುತ್ತಿದ್ದಂತೆ ಅನ್ನಿಸಿತು. ಹತ್ತಿರ ಹೋಗಿ, ನನಗೆ ಹೇಳಿದಿರಾ ಅಂತ ಕೇಳಿದರು. ಎರಡು ವರ್ಷದಿಂದ ನಿಮಗೆ ಹೇಳ್ತಾನೇ ಇದೀನಿ, ಇವತ್ತು ಕೇಳಿಸ್ತು ಅಂದರಂತೆ ರೋಜರ್ಸ್. ಕ್ಲೆಮನ್ಸ್ ಅತ್ತುಬಿಟ್ಟರು. ಯಾವ ಗಂಡಸೂ, ಹೆತ್ತ ಅಪ್ಪ ಕೂಡ, ಅವರಿಗೆ ಹಾಗೆ ಹೇಳಿರಲಿಲ್ಲ.

ಎರಡೂ ನಿಜ. ನೋಯಿಸಿದ್ದೂ ನಿಜ, ಪ್ರೀತಿಸಿದ್ದೂ ನಿಜ. ಮನುಷ್ಯರು ಅಂದರೆ ಹಾಗೇ.

ಮಕ್ಕಳು ಏನಂದರು?

ಇಷ್ಟೆಲ್ಲ ದೊಡ್ಡವರ ಅಭಿಪ್ರಾಯ ಆಯಿತು. ನಕ್ಕರು, ಅನುಮಾನಿಸಿದರು, ಬೈದರು, ಪೂಜಿಸಿದರು. ಕಾರ್ಯಕ್ರಮ ಯಾರಿಗಾಗಿ ಇತ್ತೋ ಆ ಮಕ್ಕಳು ಏನಂದರು?

ಕಣ್ಣು ಕಾಣದ ಒಬ್ಬ ಹುಡುಗಿ ರೋಜರ್ಸ್‌ಗೆ ಕಾಗದ ಬರೆಸಿದಳು. ನೀವು ಮೀನಿಗೆ ತಿಂಡಿ ಹಾಕೋದು ನನಗೆ ಕಾಣಲ್ಲ, ಹಾಕಿದ್ರೋ ಇಲ್ವೋ ಅಂತ ಚಿಂತೆ ಆಗ್ತದೆ, ಹಾಕುವಾಗ ದಯವಿಟ್ಟು ಬಾಯಿಬಿಟ್ಟು ಹೇಳಿ ಅಂತ. ಅವತ್ತಿನಿಂದ ರೋಜರ್ಸ್, ಈಗ ಮೀನಿಗೆ ತಿಂಡಿ ಹಾಕ್ತಾ ಇದೀನಿ ಅಂತ ಗಟ್ಟಿಯಾಗಿ ಹೇಳತೊಡಗಿದರು. ಉಳಿದವರಿಗೆ ಅದು ವ್ಯರ್ಥ ಮಾತು ಅನ್ನಿಸಿರಬಹುದು. ಎಲ್ಲೋ ಒಬ್ಬಳು ಹುಡುಗಿಗೆ ಮಾತ್ರ ಅವತ್ತು ನೆಮ್ಮದಿ.

ಇನ್ನೊಬ್ಬ ಹುಡುಗ ಜೆಫ್ ಎರ್ಲ್ಯಾಂಗರ್. ಕೈಕಾಲಿಗೆ ಸ್ವಾಧೀನವಿಲ್ಲ. 1981ರ ಕಂತಿನಲ್ಲಿ ಅವನು 10 ವರ್ಷದವನು, ವಿದ್ಯುತ್ ಗಾಲಿಕುರ್ಚಿಯಲ್ಲಿ ಬಂದ. ಪಾಪ, ಅಯ್ಯೋ ಅಂತ ರೋಜರ್ಸ್ ಅನ್ನಲಿಲ್ಲ. ಈ ಕುರ್ಚಿ ಹೇಗೆ ಓಡುತ್ತೆ, ನಿನಗೆ ಯಾಕೆ ಬೇಕಾಯ್ತು ಅಂತ ಕೇಳಿದರು. ಹುಡುಗ ಎಲ್ಲವನ್ನೂ ವಿವರಿಸಿದ. ಕೊನೆಗೆ ಇಬ್ಬರೂ ಸೇರಿ ಹಾಡಿದರು. 1999ರಲ್ಲಿ ರೋಜರ್ಸ್‌ಗೆ ಟಿವಿ ರಂಗದ ದೊಡ್ಡ ಗೌರವ ಸಿಕ್ಕ ಸಮಾರಂಭಕ್ಕೆ ಅವರಿಗೆ ತಿಳಿಸದೇ ಜೆಫ್ ಅವರನ್ನು ಕರೆಸಿದ್ದರು. ವೇದಿಕೆಯ ಮೇಲೆ ಅದೇ ಜೆಫ್, ಈಗ ದೊಡ್ಡವರಾಗಿ, ಗಾಲಿಕುರ್ಚಿಯಲ್ಲಿ. ರೋಜರ್ಸ್ ಕುರ್ಚಿಯಿಂದ ಎದ್ದು ವೇದಿಕೆಗೆ ಓಡಿದರು. ನೀವು ಹೇಳಿದ್ದು ಮನಸ್ಸಿನಿಂದ ಹೇಳಿದ್ದು ಅಂತ ನಮಗೆ ಗೊತ್ತಿತ್ತು ಎಂಬ ಅರ್ಥದಲ್ಲಿ ಜೆಫ್ ಮಾತಾಡಿದರು.

ಅಕ್ಕತಂಗಿಯರೇ, ನನಗೆ ಕಾಣೋದು ಇಷ್ಟು. ಮೆತ್ತಗಿರುವವರನ್ನು ಕಂಡು ನಕ್ಕರೂ ನಾವು ತಪ್ಪಿಸಿಕೊಳ್ತೀವಿ, ಸಂತ ಅಂತ ಹೂವು ಹಾಕಿದರೂ ತಪ್ಪಿಸಿಕೊಳ್ತೀವಿ. ಎರಡರಲ್ಲೂ ನಾವು ಬದಲಾಗಬೇಕಾಗಿಲ್ಲ. ಮೂರನೆಯ ದಾರಿ ಕಷ್ಟದ್ದು. ಮಗು ಪ್ರಶ್ನೆ ಕೇಳಿದಾಗ ಒಲೆ ಸಣ್ಣ ಮಾಡಿ, ಕೂತು, ಮುಖ ನೋಡಿ, ನಿಜ ಹೇಳುವುದು. ಸಾಲದ ನಿಜ, ಕಾಯಿಲೆಯ ನಿಜ, ಸಾವಿನ ನಿಜ. ಅದಕ್ಕೆ ಅರ್ಥವಾಗುವಷ್ಟು, ತಡೆಯುವಷ್ಟು. ಮತ್ತೆ ಅದು ಅತ್ತರೆ ಅಳೋಕೆ ಬಿಡುವುದು.

ಹೋದ ವರ್ಷ ನಮ್ಮ ಮನೆಯ ನಾಯಿ ಸತ್ತಿತು. ಮಗಳ ಮಗ ಆಗ ಇಲ್ಲೇ ಇದ್ದ, ಅವನಿಗೆ 4 ವರ್ಷ. ನಾಯಿ ಓಡಿಹೋಯ್ತು ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಇಬ್ಬರೂ ಸೇರಿ ಮಣ್ಣು ಹಾಕಿದೆವು. ಅವನು ಅತ್ತ. ನಾನೂ ಅತ್ತೆ. ಆಮೇಲೆ ಅವನು, "ಅಜ್ಜೀ, ತಾತನೂ ಹೀಗೇ ಸತ್ತೋದ್ರಾ?" ಅಂತ ಕೇಳಿದ. ಹೌದು ಮಗಾ ಅಂದೆ. ಹಿಂದೆ ತಿರುಗಿ ನೋಡಿದರೆ ಬಾಗಿಲಲ್ಲಿ ಮಗಳು ನಿಂತಿದ್ದಳು.

 

ಸಂಘದ ವಾರದ ಸಭೆಯಲ್ಲಿ ಮಾತಾಡಲು

1. ನಮ್ಮ ಮನೆಯ ಮಕ್ಕಳಿಗೆ ಯಾವ ವಿಷಯದಲ್ಲಿ ನಾವು ಸುಳ್ಳು ಹೇಳಿದ್ದೇವೆ? ಯಾರ ಅನುಕೂಲಕ್ಕಾಗಿ ಹೇಳಿದೆವು?
2. 'ನೀನೇ ಮೇಲು' ಎನ್ನುವುದಕ್ಕೂ 'ನೀನು ಇರುವ ಹಾಗೇ ನಮಗೆ ಬೇಕು' ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಮನೆಯ ಒಂದು ಉದಾಹರಣೆಯಿಂದ ಹೇಳಿ.
3. ನಮ್ಮ ಊರಿನಲ್ಲಿ ಮಕ್ಕಳ ಜೊತೆ ಮೆತ್ತಗೆ ಮಾತಾಡುವ ಗಂಡಸರು ಯಾರಿದ್ದಾರೆ? ಅವರ ಬಗ್ಗೆ ನಾವು ಏನು ಮಾತಾಡುತ್ತೇವೆ?
4. ಈ ವಾರ ಒಂದು ದಿನ, ಮಗು ಮಾತಾಡುವಾಗ ಪೂರ್ತಿ ಒಂದು ನಿಮಿಷ ಮಧ್ಯೆ ಬಾಯಿ ಹಾಕದೆ ಕೇಳಿ. ಏನಾಯಿತು ಎಂದು ಮುಂದಿನ ಸಭೆಯಲ್ಲಿ ಹಂಚಿಕೊಳ್ಳಿ.